ಓಬಕ್ಕನ ಬಾಲದ ಚುಕ್ಕಿ

ಮೊಳಕಾಲ್ಮೂರಿನ ಓಬಕ್ಕ ರಾಟೆ ಮುಂದೆ ಕೂತು ಮಗ್ಗದವರಿಗೆ ರೇಷ್ಮೆ ಸುತ್ತಿಕೊಡುವವಳು. ಕೈ ರಾಟೆ ಮೇಲೆ, ಬಾಯಿ ಮುಗಿಲ ಮೇಲೆ! ಇಲ್ಲದ ದೇಶ ಕಟ್ಟಿ, ಆ ದೇಶಕ್ಕೆ ಇಲ್ಲದ ಮುಗಿಲು ಹೊದಿಸುತ್ತಿದ್ದಳು. ಒಂದು ದೇಶದಲ್ಲಿ ಎರಡು ಚಂದ್ರ. ರಾಜನ ಆಯುಸ್ಸಿಗೊಮ್ಮೆ ದೊಡ್ಡದು ಚಿಕ್ಕದನ್ನು ನುಂಗಿದರೆ ಬಾವಿಗಳೆಲ್ಲ ಆಕಳಿಸುತ್ತಿದ್ದವು. ಇನ್ನೊಂದರಲ್ಲಿ ಹಸಿರು ಗ್ರಹಣ ಹಿಡಿದರೆ ಕುರಿಗಳಿಗೆ ಮಾತು ಬರುತ್ತಿತ್ತು. ಎಲ್ಲಿಂದ ತರುತ್ತಿದ್ದಳೋ ಪುಣ್ಯಾತ್ಗಿತ್ತಿ!

ಅವಳ ಕತೆಗೆ ಒಂದೇ ಕಟ್ಟಳೆ: ಕೇಳುವವರಲ್ಲಿ ಒಬ್ಬರು "ಹೂಂ" ಅನ್ನುತ್ತಿರಬೇಕು. ಹೂಂ ನಿಂತರೆ ಕತೆಯೂ ಅಲ್ಲೇ ನಿಂತಿತು. ಆ ಕೆಲಸ ಮಗಳು ಚಿನ್ನಕ್ಕನದು.

ಒಂದು ಚಳಿಗಾಲ ಬಾಲದ ಚುಕ್ಕಿಯ ಕತೆ ಶುರು ಮಾಡಿದಳು. ಚುಕ್ಕಿ ಕಂಡ ವರ್ಷ ಹಸೆ ಏರಬೇಕಿದ್ದ ರಾಜಕುಮಾರಿ ಕಲ್ಲಾದಳು ಅಂದು, ಎಲ್ಲರ ಎದೆ ಹೊಡೆದುಕೊಳ್ಳುವಾಗ ನಿಲ್ಲಿಸಿಬಿಟ್ಟಳು. ಮರುದಿನವೂ ಜನ ಬರಲಿ ಅನ್ನೋ ಆಸೆ, ಇನ್ನೇನು! ಅಷ್ಟರಲ್ಲಿ ಜ್ವರ ಹಿಡಿಯಿತು. ಎದ್ದವಳು ಬೇರೆ ಕತೆ ಹಿಡಿದಳು. ಅರ್ಧ ಕತೆಯೇ ಊರೂರು ತಿರುಗಿತು.

ಸಾವಿರದ ಒಂಬೈನೂರ ಹತ್ತರ ಬೇಸಿಗೆ. ಬೆಳಗಿನ ಜಾವ ಮೂಡಲಲ್ಲಿ ನಿಜವಾಗಿಯೂ ಬಾಲದ ಚುಕ್ಕಿ! ಓಬಕ್ಕನಿಗೆ ತಾನೇ ಕಟ್ಟಿದ ಕತೆ ನೆನಪಾಗಿ ಹೆದರಿಕೆಯಾಯಿತು. ಚಿನ್ನಕ್ಕನ ಮದುವೆ ದೇವಸಮುದ್ರದ ಹುಡುಗನ ಜೊತೆ ಗೊತ್ತಾಗಿತ್ತು.

ಹೆದರಿದಂತೆಯೇ ಆಯಿತು. ಹುಡುಗನ ತಾಯಿ ಅನ್ನಪೂರ್ಣಮ್ಮ ನಿಶ್ಚಯದ ದಿನ ಇವರು ಕೊಟ್ಟಿದ್ದ ವೀಳ್ಯದ ತಟ್ಟೆ ಹಿಡಿದು ಗಾಡಿ ಇಳಿದಳು. ಕೊಟ್ಟ ನೀರೂ ಮುಟ್ಟಲಿಲ್ಲ.

"ತಗೊಳ್ರಿ ನಿಮ್ಮ ವೀಳ್ಯ. ಕಲ್ಲಾಗೋ ಹುಡುಗಿ ನಮ್ಮನಿಗೆ ಬ್ಯಾಡ."

"ಅಯ್ಯೋ, ಅದು ನಾ ಕಟ್ಟಿದ್ದು ಕಣ್ರೀ! ಬರೀ ಕತೆ!" ಅಂದಳು ಓಬಕ್ಕ.

"ಕಟ್ಟಿದ್ದಂತೆ! ಕಟ್ಟಿದ್ದು ಮುಗಿಲಾಗೆ ಹೆಂಗ್ ಬಂತು?"

ಇದಕ್ಕೇನು ಹೇಳುತ್ತೀರಿ? ಬಾಗಿಲಲ್ಲಿ ಓಣಿಯೇ ನೆರೆದಿತ್ತು. ಆ ತಟ್ಟೆ ಇಲ್ಲೇ ಉಳಿದರೆ ಚಿನ್ನಕ್ಕನ ಕೈ ಇನ್ಯಾರೂ ಹಿಡಿಯರು.

ಓಬಕ್ಕ ಹೋಗಿ ರಾಟೆ ಮುಂದೆ ಕೂತಳು. "ಹಂಗಾರೆ ಉಳಿದಿದ್ದೂ ಕೇಳಿ ಹೋಗ್ರಿ. ಅದು ಬಾಲ ಅಲ್ಲ. ಮುಗಿಲ ಮದುಮಗಳು ಗಂಡನ ಮನೆಗೆ ಹೊಂಟಿದ್ಲು, ಅವಳ ಸೆರಗು ಅದು. ರಾಜಕುಮಾರಿ ಕಲ್ಲಾಗಿದ್ದು ಚುಕ್ಕಿಯಿಂದಲ್ಲ. ಅವಳ ಅತ್ತೆ ಆಗೋಳು ಚುಕ್ಕಿಗೆ ಹೆದರಿ ಬಾಗಿಲು ಹಾಕ್ಕೊಂಡ್ಲು. ಆ ಹುಡುಗಿ ಹೊಸ್ತಿಲ ಹೊರಗೆ ನಿಂತೂ ನಿಂತೂ ಕಲ್ಲಾದ್ಲು..."

ನಿಲ್ಲಿಸಿದಳು. ಹೂಂ ಬೇಕಲ್ಲ! ಚಿನ್ನಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಓಣಿಯವರೆಲ್ಲ ಅನ್ನಪೂರ್ಣಮ್ಮನ ಮುಖ ನೋಡಿದರು. ಓಬಕ್ಕ ಸುಮ್ಮನೆ ರಾಟೆ ತಿರುಗಿಸಿದಳು. ಎಳೆ ಹರಿಯಿತು.

"ಹೂಂ," ಅಂದಳು ಅನ್ನಪೂರ್ಣಮ್ಮ, ನೆಲ ನೋಡುತ್ತ. "ಆಮ್ಯಾಕೆ ಅತ್ತೆ ಏನ್ ಮಾಡಿದ್ಲು?"

ಓಬಕ್ಕನ ಕಣ್ಣು ತುಂಬಿದವು. "ನಂಗೊತ್ತಿಲ್ಲ ಕಣ್ರಿ. ಅದನ್ನ ನೀವೇ ಹೇಳ್ಬೇಕು."

ಅನ್ನಪೂರ್ಣಮ್ಮ ತಟ್ಟೆಯನ್ನು ಮತ್ತೆ ಸೊಂಟಕ್ಕೆ ಒತ್ತಿಕೊಂಡು, "ಏಳವ್ವ ಚಿನ್ನಕ್ಕ, ನೀರು ಕೊಡು. ಬಿಸಿಲಾಗೆ ಬಂದೀನಿ," ಅಂದಳು.