ಹಿಡಿದ ಕೈಗಳ ನಾಣ್ಯ

ಬೈಲಹೊಂಗಲದ ನಮ್ಮ ಪಕ್ಕದ ಮನೆಯಾತನ ಅಂಗಿಯ ಕಿಸೆಯಲ್ಲಿ ಸದಾ ಒಂದು ರೋಮನ್ ಬೆಳ್ಳಿ ನಾಣ್ಯ ಇರುತ್ತಿತ್ತು. ಅವನ ಅಜ್ಜನಿಗೆ ಹೂಲಿಯ ಹೊಲದಲ್ಲಿ ಸಿಕ್ಕಿದ್ದಂತೆ. ಒಂದು ಬದಿಗೆ ದಪ್ಪ ಕತ್ತಿನ ಚಕ್ರವರ್ತಿ, ಇನ್ನೊಂದು ಬದಿಗೆ ಒಂದನ್ನೊಂದು ಹಿಡಿದ ಎರಡು ಕೈಗಳು. ಸಿಕ್ಕವರನ್ನೆಲ್ಲ ನಿಲ್ಲಿಸಿ, ಆ ಕೈಗಳನ್ನು ಉಗುರಿನಿಂದ ಸವರುತ್ತ, "ಒಗ್ಗಟ್ಟು ಅಂದ್ರ ಹಿಂಗಿರಬೇಕ್ರಿ!" ಎಂದು ಉಪದೇಶ ಮಾಡುತ್ತಿದ್ದ.

ಅವನ ತಂದೆ ತೀರಿಕೊಂಡ ಮೇಲೆ ಆಸ್ತಿ ಪಾಲಾಯಿತು. ತಮ್ಮನಾದವನು ಆ ನಾಣ್ಯದಲ್ಲೂ ಪಾಲು ಕೇಳಿದ. ಈ ಮಹಾಶಯ ನೇರ ಅಕ್ಕಸಾಲಿಗನ ಅಂಗಡಿಗೆ ಹೋಗಿ, ಹಿಡಿದ ಕೈಗಳ ನಡುವೆಯೇ ಅದನ್ನು ಎರಡು ತುಂಡು ಮಾಡಿಸಿದ.

"ಯಾಕ್ರೀ ಹಿಂಗ ಮಾಡಿದ್ರಿ?" ಎಂದು ಕೇಳಿದೆ.

ತನ್ನ ತುಂಡನ್ನು ಅಂಗೈ ಮೇಲಿಟ್ಟು ಹಲ್ಲು ಕಿಸಿದ. "ಹೆಬ್ಬಟ್ಟು ನನ್ನ ಪಾಲಿಗೆ ಬಂದೈತಿ ನೋಡ್ರಿ. ಅವಗ ಬರೇ ಬೆರಳು!"