ಕೂಸಿಗೆ ಜಾಗವಿಲ್ಲದ ಊರಿನಲ್ಲಿ ಮೊಮ್ಮಗಳ ಜಾವಳ

ಜನವರಿ ತಿಂಗಳ ಒಂದು ಮುಂಜಾನೆ ಅಮೆರಿಕೆಯ ಡರ್ಹಮ್‌ನಿಂದ ಹೊರಟೆವು. ನಾನು, ಮಗಳು ಸುನಂದಾ, ಮೊಮ್ಮಗಳು ನೀಲಾ. ಹೊರಗೆ ಮಳೆ ಬೀಳುತ್ತ ಬೀಳುತ್ತಲೇ ಗಾಜಾಗುತ್ತಿತ್ತು. ಕಾರಿನ ಬಾಗಿಲು ಹೆಪ್ಪುಗಟ್ಟಿ, ಅಳಿಯ ಶರತ್ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ತಂದು ಸುರಿದ ಮೇಲೆ ತೆರೆಯಿತು.

ನೀಲಾಳ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೈ ಮುಂದೆ ಓಡುವುದಿಲ್ಲ. ಹನ್ನೊಂದು ತಿಂಗಳ ಕೂಸು. ಕೆಳಗೆ ಎರಡು ಹಲ್ಲು. ಕಿವಿ ಮುಚ್ಚುವಷ್ಟು ಹುಟ್ಟುಗೂದಲು, ಒಂದೊಂದು ಎಳೆಯೂ ರೇಷ್ಮೆ. ರಬಕವಿಯಲ್ಲಿ ನೇಕಾರರ ಮನೆಯಲ್ಲಿ ಬೆಳೆದ ನಾನು ರೇಷ್ಮೆಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಹೆಚ್ಚು ವರ್ಣಿಸಲು ಬಾರದು. ಆಕೆ ನಕ್ಕರೆ ನನ್ನ ಮಂಡಿನೋವು ಹೋಗುತ್ತದೆ, ಅಷ್ಟು ಬಲ್ಲೆ.

ಆ ಕೂದಲಿಗಾಗಿಯೇ ಈ ಪ್ರಯಾಣ. ನಮ್ಮಲ್ಲಿ ಕೂಸಿನ ಜಾವಳ ತೆಗೆಯುವಾಗ ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ಆಡಿಸಬೇಕು. ವರ್ಷ ತುಂಬುವುದರೊಳಗೆ ಆಗಬೇಕು, ತಪ್ಪಿದರೆ ಮೂರನೆಯ ವರ್ಷಕ್ಕೆ ಹೋಗುತ್ತದೆ. ನಾನು ಮಾರ್ಚಿನಲ್ಲಿ ಊರಿಗೆ ಮರಳುವವಳು. ಮೂರನೆಯ ವರ್ಷ ನಾನೆಲ್ಲಿ, ಕೂಸೆಲ್ಲಿ!

ನೀಲಾಗೆ ಸೋದರಮಾವ ಇದ್ದ. ನನ್ನ ಮಗ ಮಹಾಂತೇಶ. ಆದರೆ ಅಣ್ಣ ತಂಗಿ ಮಾತಾಡಿ ನಾಲ್ಕು ವರ್ಷವಾಗಿತ್ತು. ಅವನು ಗೈದರ್ಸ್‌ಬರ್ಗಿನಲ್ಲಿ ಎಂಜಿನಿಯರ್ ಆಗಿದ್ದಾಗ ತಂಗಿಯನ್ನು ಕರೆಸಿ ಓದಿಸಿದ. ತನ್ನ ಆಫೀಸಿನ ಗೆಳೆಯನಿಗೆ ಆಕೆಯನ್ನು ಕೊಡುತ್ತೇನೆಂದು ಮಾತು ಕೊಟ್ಟ. ಆಕೆ ಮೈಸೂರಿನ ಶರತ್‌ನನ್ನು ಒಪ್ಪಿದಳು. ಗೆಳೆಯನಿಗೆ ಮುಖ ತೋರಿಸಲಾರದೆ ಇವನು ಕೆಲಸ ಬಿಟ್ಟು, ದೇಶದ ಆ ತುದಿಗೆ ಪಾಮ್ ಸ್ಪ್ರಿಂಗ್ಸ್ ಎಂಬ ಮರಳುಗಾಡಿನ ಊರಿಗೆ ಹೋಗಿ ಕುಳಿತ.

ಬರುತ್ತೇವೆಂದು ಫೋನ್ ಮಾಡಿದಾಗ ಅವನು ಹೇಳಿದ್ದು ಒಂದೇ ಮಾತು: "ಬ್ಯಾಡಬೇ. ಇದು ಮುದುಕರ ಜಾಗಾ. ಇಲ್ಲಿ ಕೂಸುಗಳನ್ನ ಬಿಡಂಗಿಲ್ಲ."

"ಮುದುಕರಿರೋ ಕಡೆ ಮೊಮ್ಮಕ್ಕಳನ್ನ ಬಿಡಂಗಿಲ್ಲಾ? ಸುಳ್ಳ ಹೇಳಿದ್ರೂ ನಂಬೂವಂಥಾದ್ದು ಹೇಳೋ ಮಾಂತ್ಯಾ," ಎಂದು ಬೈದು ಫೋನ್ ಇಟ್ಟೆ. ಟಿಕೆಟ್ ತೆಗೆಸಿದೆ. ಎರಡು ವರ್ಷದೊಳಗಿನ ಕೂಸಿಗೆ ಟಿಕೆಟ್ ಬೇಡ, ತೊಡೆಯ ಮೇಲೆ ಕೂರಿಸಿಕೊಂಡರಾಯಿತು.

ವಿಮಾನ ನಿಲ್ದಾಣದಲ್ಲಿ ಶರತ್ ತಪಾಸಣೆಯ ಸಾಲಿನವರೆಗೂ ಬಂದ. "ಅತ್ತೆ, ಅವ್ರು ಏನಾದ್ರೂ ಅಂದ್ರೆ ಟೆನ್ಷನ್ ಮಾಡ್ಕೋಬೇಡಿ. ಕಾಲ್ ಮಾಡಿ, ನಾನು ಬರ್ತೀನಿ," ಎಂದ. ನಗುತ್ತಿದ್ದ, ಆದರೆ ಕೂಸನ್ನು ಕೊಡುವಾಗ ಕೈ ಬೇಗ ಬಿಡಲಿಲ್ಲ.

ಅಟ್ಲಾಂಟಾಕ್ಕೆ ತಾಸಿನ ಮೇಲೆ ಸ್ವಲ್ಪ. ಅಲ್ಲಿ ವಿಮಾನ ಬದಲಿಸಬೇಕು. ನೆಲದ ಕೆಳಗೆ ಓಡುವ ಡ್ರೈವರಿಲ್ಲದ ರೈಲಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದೆವು. ಮುಂದಿನ ವಿಮಾನಕ್ಕೆ ಕಾಯುತ್ತ ನಾವು ಕುಳಿತ ಸಾಲಿನಲ್ಲಿ ಬುರ್ಖಾ ತೊಟ್ಟ ಒಬ್ಬ ತಾಯಿ ನಮ್ಮ ಮಾತು ಕೇಳಿ ತಿರುಗಿದರು. "ಕನ್ನಡದವ್ರಾ ಅಮ್ಮಾ? ನಾವು ಮೈಸೂರು," ಎಂದು ನೀಲಾಳನ್ನು ಕೈಚಾಚಿ ತೆಗೆದುಕೊಂಡೇಬಿಟ್ಟರು. ಮಗನ ಮನೆ ಇಲ್ಲೇ ಅಂತೆ. ನಾವು ಹೋಗುವ ಊರಿನ ಹೆಸರು ಕೇಳಿ ಹುಬ್ಬೇರಿಸಿದರು.

"ನನ್ ಮಗನ ಆಸ್ಪತ್ರೆಯ ದೊಡ್ಡ ಡಾಕ್ಟ್ರು ರಿಟೈರ್ ಆಗಿ ಅಲ್ಲಿಗೇ ಹೋದ್ರು. ಚಳಿಗಾಲಕ್ಕೆ ಸ್ವರ್ಗ, ಬೇಸಿಗೇಲಿ ಬೆಂಕಿ. ಆದ್ರೆ ಮಕ್ಕಳಿಗೆ ಅಲ್ಲೇನಿದೆ ಅಮ್ಮಾ? ಕೆಲವು ಕಡೆ ಒಳಕ್ಕೇ ಬಿಡಲ್ವಂತೆ!"

ಸುನಂದಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವರು ಎದ್ದು ಹೋದ ಮೇಲೆ, "ಅವ್ವಾ, ವಾಪಸ್ ಹೋಗೂಣು. ಅಣ್ಣಗ ಬ್ಯಾಡಾಗೇತಿ," ಎಂದಳು.

"ಬ್ಯಾಡಂದದ್ದು ಅವನ ಬಾಯಿ. ಅವನ ಕೈ ಏನಂತೈತಿ ನೋಡೂಣು, ನಡಿ."

ಹಾಗೆ ಹೇಳಿದೆನಾದರೂ ಲಾಸ್ ಏಂಜಲೀಸ್ ಮುಟ್ಟುವ ಐದು ತಾಸೂ ಕೂಸಿನ ಕೂದಲನ್ನೇ ಸವರುತ್ತ ಕುಳಿತೆ.

ಅಲ್ಲಿ ಇಳಿದು ಸುನಂದಾ ಬಾಡಿಗೆ ಕಾರು ಹಿಡಿದಳು. ಎರಡು ತಾಸಿನ ದಾರಿ. ಮನೆಗಳು ತೆಳುವಾಗುತ್ತ ಬೋಳು ಗುಡ್ಡಗಳು ಬಂದವು. ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ನೂರಾರು ಗಾಳಿಯಂತ್ರಗಳು ನಿಂತಿದ್ದವು. ನಮ್ಮೂರಿನ ರಾಟೆಗಳೆಲ್ಲ ಬಯಲಿಗೆ ಬಂದು ತಾವೇ ತಿರುಗುತ್ತಿರುವಂತೆ ಕಂಡಿತು. ಅಲ್ಲಿ ಗಾಳಿ ಕಾರನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಸುನಂದಾ ಎರಡೂ ಕೈಯಿಂದ ಬಿಗಿಹಿಡಿದು, ತುಟಿ ಕಚ್ಚಿಕೊಂಡು ಓಡಿಸಿದಳು. ಕಣಿವೆ ದಾಟಿದ್ದೇ ಗಾಳಿ ಸತ್ತಿತು. ಬೆಚ್ಚಗಿನ ಬಿಸಿಲು. ಬೆಟ್ಟದ ನೆತ್ತಿಯಲ್ಲಿ ಹಿಮ, ಬುಡದಲ್ಲಿ ಮರಳು, ನಡುವೆ ಹಚ್ಚಗೆ ಹುಲ್ಲಿನ ಊರು.

ಮಹಾಂತೇಶ ಕೆಲಸ ಮಾಡುವ ಬಡಾವಣೆಗೆ ಗೋಡೆಯಿತ್ತು, ಗೇಟಿತ್ತು, ಗೇಟಿನ ಮೇಲೆ ಹಲಗೆಯಿತ್ತು. ಸುನಂದಾ ಕಾರು ನಿಲ್ಲಿಸಿ ಓದಿ ಹೇಳಿದಳು: ಐವತ್ತೈದು ದಾಟಿದವರಿಗೆ ಮಾತ್ರ. ಮಕ್ಕಳು ಹಗಲು ಹೊತ್ತು ನೋಡಲು ಬರಬಹುದು, ಸಂಜೆ ಐದರ ಮೇಲೆ ಇರುವಂತಿಲ್ಲ.

ನನ್ನ ಮಗ ಸುಳ್ಳು ಹೇಳಿರಲಿಲ್ಲ.

ಅವನು ಗಾಲ್ಫ್ ಆಟದ ಪುಟ್ಟ ಗಾಡಿಯಲ್ಲಿ ಬಂದ. ಬಿಸಿಲಿಗೆ ಕಪ್ಪಾಗಿದ್ದ, ಮೀಸೆಯಲ್ಲಿ ಬಿಳಿ ಬಂದಿತ್ತು. ನನ್ನ ಕಾಲು ಮುಟ್ಟಿದ. ಕಾರಿನಲ್ಲಿ ತಂಗಿ ಕುಳಿತಿದ್ದ ಬದಿಗೆ ಕಣ್ಣು ಹಾಯಿಸಲಿಲ್ಲ. "ಮೋಟೆಲ್ ಬುಕ್ ಮಾಡೇನಿ. ಇಲ್ಲಿಂದ ಎರಡು ಮೈಲಿ," ಎಂದು ಚೀಟಿಯನ್ನು ನನ್ನ ಕೈಗೆ ಕೊಟ್ಟ. ನೀಲಾ ಅವನ ಗಾಡಿ ನೋಡಿ "ಬ್ಬಾ" ಎಂದು ಕೈಬೀಸಿತು. ಅವನು ಗಾಡಿ ತಿರುಗಿಸಿದ.

"ಅಲ್ಲೋ, ನಿನಗಿನ್ನೂ ಮೂವತ್ತಾರು. ನಿನ್ನ ಹೆಂಗ ಇಟ್ಕೊಂಡಾರ ಇಲ್ಲಿ?" ಎಂದು ಕೂಗಿದೆ.

"ಮಾರಿ ನೋಡಿ ಮುದುಕ ಅಂದ್ಕೊಂಡಾರಬೇ," ಎಂದ, ತಿರುಗದೆ.

ಮರುದಿನ ಮುಂಜಾನೆ ಸುನಂದಾ ಊರು ತೋರಿಸಿದಳು. ಇಷ್ಟು ಮುದುಕರನ್ನು ಒಂದೇ ಕಡೆ ನಾನು ಎಲ್ಲೂ ಕಂಡಿರಲಿಲ್ಲ. ಆದರೆ ನಮ್ಮ ಕಡೆಯ ಮುದುಕರಂತೆ ಕಟ್ಟೆಗೆ ಕುಳಿತವರಲ್ಲ. ಬಿಳಿ ಚಡ್ಡಿ, ಬಿಳಿ ಬೂಟು, ಕೆಂಪು ತುಟಿಬಣ್ಣ, ಎಲ್ಲರೂ ಎಲ್ಲಿಗೋ ಹೊರಟವರೇ. ಅರ್ಧ ಜನ ಕೆನಡಾ ಕಡೆಯವರಂತೆ. ಹಿಮ ಬೀಳುವ ಮೊದಲೇ ಬಂದು, ಬೇಸಿಗೆ ಬಂದೊಡನೆ ಹಕ್ಕಿಯಂತೆ ಹಾರಿಬಿಡುತ್ತಾರೆ. ಊರಿಗೆ ಹೆಸರು ಕೊಟ್ಟ ಬಿಸಿನೀರಿನ ಬುಗ್ಗೆ ಮೂಲನಿವಾಸಿಗಳದು. ಊರಿನ ಎಷ್ಟೋ ನೆಲವೂ ಅವರದೇ, ಮೇಲೆ ಮನೆ ಕಟ್ಟಿದವರು ಅವರಿಗೆ ಬಾಡಿಗೆ ಕೊಡುತ್ತಾರಂತೆ. ಕೇಳಿ ಸಮಾಧಾನವಾಯಿತು. ಹಗ್ಗದ ಮೇಲೆ ಹೋಗುವ ಡಬ್ಬಿಯಲ್ಲಿ ಕುಳಿತರೆ ಮರಳಿನಿಂದ ಹಿಮಕ್ಕೆ ಏರಬಹುದು. ನಾವು ಏರಲಿಲ್ಲ. ಮನಸ್ಸಿನಲ್ಲಿ ಬೇರೊಂದು ಹಗ್ಗ ಜಗ್ಗುತ್ತಿತ್ತು. ಒಂದು ಅಂಗಡಿಯಲ್ಲಿ ಉತ್ತತ್ತಿ ಕೊಂಡೆ, ಇಲ್ಲೇ ಬೆಳೆದದ್ದು. ಖರ್ಜೂರ ಹಾಕಿ ಕಡೆದ ತಣ್ಣನೆಯ ಹಾಲು ಕುಡಿದೆವು. ನೀಲಾ ಮೂಗಿಗೆಲ್ಲ ಬಳಿದುಕೊಂಡಿತು.

ಆ ಅಂಗಡಿಯಲ್ಲೇ ನನಗೆ ಊರಿನ ಗುಟ್ಟು ತಿಳಿಯಿತು. ಕೂಸು ಕಂಡೊಡನೆ ಮುದುಕಿಯರು ಸಾಮಾನು ಬಿಟ್ಟು ಬಂದರು. ಒಬ್ಬಳು ಕಾಲ್ಬೆರಳು ಮುಟ್ಟಿದಳು, ಒಬ್ಬಳು ಸುಮ್ಮನೆ ಮೂಸಿ ನೋಡಿದಳು. ನನ್ನ ಹೆಮ್ಮೆ ಎಷ್ಟೆಂದರೆ ಅಂಗಡಿಯ ಮಾಡು ಸಾಲದು. ಮೊಮ್ಮಕ್ಕಳಿಲ್ಲದ ಸ್ವರ್ಗವನ್ನು ದುಡ್ಡು ಕೊಟ್ಟು ಕೊಂಡವರು ಇವರು.

ಮಧ್ಯಾಹ್ನ ಬಡಾವಣೆಗೆ ಹೋದೆವು. ಮಹಾಂತೇಶ ಅಲ್ಲಿನ ನೀರಿನ ಪೈಪು, ಈಜುಕೊಳ, ಹುಲ್ಲಿಗೆ ಸಿಡಿಯುವ ಕಾರಂಜಿಗಳನ್ನೆಲ್ಲ ನೋಡಿಕೊಳ್ಳುವವನು. ಗೇಟಿನ ಹಲಗೆಯ ನಿಯಮ ಕಾಯುವುದೂ ಅವನ ಪಾಲಿಗೇ ಬಂದಿತ್ತು. ಅವನ ಕೋಣೆಯಲ್ಲಿ ನಾನು ತಂದ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಬಿಚ್ಚಿಟ್ಟೆ. ಕುರುಕುರು ತಿಂದ. ತಂಗಿ ಹೊರಗೆ ಕೊಳದ ಬದಿಯಲ್ಲಿ ಕೂಸಿನೊಡನೆ ಕುಳಿತಿದ್ದಳು.

"ಕತ್ತರಿ ತಂದೇನಿ," ಎಂದೆ.

"ಇಲ್ಲಿ ಬಾರ್ಬರ್ ಅದಾರ. ಮಾಡಿಸ್ಕೊಂಡು ಹೋಗ್ರಿ."

"ಬಾರ್ಬರ್ ಆಕಿಗೆ ಏನಾಗಬೇಕೋ?"

ಅವನು ಕೈ ಒರೆಸಿಕೊಂಡು ಎದ್ದ.

ಕೊಳದ ಬದಿಯಲ್ಲಿ ಹೆಲೆನ್ ಎಂಬ ಕೆನಡಾದ ಅಜ್ಜಿ ನೀಲಾಳನ್ನು ಎತ್ತಿಕೊಂಡು ಕುಣಿಸುತ್ತಿದ್ದಳು. ಹೊತ್ತು ಇಳಿಯಿತು. ಪತ್ರಿಕೆ ಓದುತ್ತಿದ್ದ ಒಬ್ಬ ಮುದುಕ ಮುಖ ಎತ್ತಿ, ಕೈಗಡಿಯಾರದ ಮೇಲೆ ಬೆರಳಿನಿಂದ ಕುಟ್ಟಿ ಮಹಾಂತೇಶನಿಗೆ ತೋರಿಸಿದ. ಐದಾಗಿತ್ತು. ಹೆಲೆನ್ ಕೂಸನ್ನು ಟವೆಲಿನಲ್ಲಿ ಮುಚ್ಚಿ, ಇಲ್ಲಿ ಯಾರೂ ಇಲ್ಲ ಎಂಬಂತೆ ಆಕಾಶ ನೋಡಿದಳು. ನಾಲ್ಕಾರು ಜನ ನಕ್ಕರು. ಪತ್ರಿಕೆಯವನು ನಗಲಿಲ್ಲ.

ಮಹಾಂತೇಶ ತಂಗಿಯ ಮುಂದೆ ಬಂದು ನಿಂತ. ನಾಲ್ಕು ವರ್ಷದ ಮೇಲೆ ಮೊದಲ ಸಲ ಬಾಯಿ ತೆರೆದ.

"ಮ್ಯಾಮ್, ಟೈಮ್ ಆತು," ಎಂದ.

ಸುನಂದಾಳ ಮುಖ ಸುಣ್ಣವಾಯಿತು. ಎದ್ದು ಹೆಲೆನ್ ಕೈಯಿಂದ ಕೂಸನ್ನು ತೆಗೆದುಕೊಂಡಳು. "ಯಸ್, ಸರ್," ಎಂದಳು.

ಆಕೆ ಕಾರಿನ ಕಡೆ ನಡೆದಳು. ನಾನು ನಡೆಯಲಿಲ್ಲ. ಅವನು ಹುಲ್ಲಿನ ಬದಿಯಲ್ಲಿ ಬಗ್ಗಿ ನೀರಿನ ತಿರುಪು ತಿರುಗಿಸುತ್ತಿದ್ದ. ಬೆನ್ನ ಹಿಂದೆ ಹೋಗಿ ನಿಂತೆ.

"ನಿನ್ನ ಮಾತು ಮುರೀತು ಅಂತ ನಾಲ್ಕು ವರ್ಷ ಸಿಟ್ಟು ಹಿಡಿದಿ. ಆಕಿ ಮುರಿದ್ಲು, ಇಲ್ಲನ್ನೂದಿಲ್ಲ. ಈ ಕೂಸು ಯಾರ ಮಾತು ಮುರಿದೈತೋ?"

ಕಾರಂಜಿಗಳು ಒಮ್ಮೆಲೇ ಸಿಡಿದವು. ನನ್ನ ಸೀರೆಯ ಅಂಚು ತೊಯ್ದಿತು. ಅವನು ಬಗ್ಗಿಯೇ ಇದ್ದ.

"ನಾಳೆ ಎಂಟಕ್ಕ ಹೊರಡತೇವಿ," ಎಂದು ಹೇಳಿ ಬಂದೆ.

ಮರುದಿನ ಮುಂಜಾನೆ ಮರಳುಗಾಡು ಹಲ್ಲು ಕಡಿಸುವಷ್ಟು ತಣ್ಣಗಿತ್ತು. ಸುನಂದಾ ಪೆಟ್ಟಿಗೆ ತುಂಬಿದಳು. ಕತ್ತರಿ ಎತ್ತಿ, "ಅವ್ವಾ, ನಾನ ತೆಗೀತೇನಿ. ಇಷ್ಟು ದೂರ ಬಂದು ಹಂಗ ಹೋಗೂದ ಬ್ಯಾಡ," ಎಂದಳು.

"ತಾಯಿ ಕತ್ತರಿ ಹಿಡೀಬಾರದು. ಇಡು ಕೆಳಗ."

"ಮತ್ತ್ಯಾರು ಬರತಾರ?"

ಕೆಳಗಿಟ್ಟಳು. ನಾನು ಕೂಸಿಗೆ ಸ್ವೆಟರ್ ಹಾಕುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಎದ್ದು ತೆರೆದೆ.

ಮಹಾಂತೇಶ. ಸ್ನಾನ ಮಾಡಿದ್ದ, ಹಣೆಗೆ ವಿಭೂತಿ ಹಚ್ಚಿದ್ದ. ಕೈಯಲ್ಲಿ ಒಂದು ಪೊಟ್ಟಣ. ಒಳಗೆ ಬಂದು ಮಂಚದ ಅಂಚಿನಲ್ಲಿ ಕುಳಿತ. ತಂಗಿಯನ್ನು ನೋಡದೆ, ಕೂಸಿನ ಕಡೆ ಕೈ ಚಾಚಿದ.

"ನಿಮ್ಮವ್ವಗ ಹೇಳವಾ, ಕತ್ತರಿ ಕೊಡಂತ," ಎಂದ ಕೂಸಿಗೆ.

"ನಿಮ್ಮ ಮಾವಗ ಹೇಳವಾ, ಕಿವಿ ಜ್ವಾಕಿ ಅಂತ," ಎಂದಳು ಸುನಂದಾ, ಕೂಸಿಗೇ.

ಪೊಟ್ಟಣ ಬಿಚ್ಚಿದೆ. ಹಸಿರು ಫ್ರಾಕು, ಅಂಗಡಿಯ ಚೀಟಿ ಇನ್ನೂ ತೂಗುತ್ತಿತ್ತು. ನನ್ನ ಅಂಗೈಯಗಲ. ಹೊಸದಾಗಿ ಹುಟ್ಟಿದ ಕೂಸಿನ ಅಳತೆ. ಯಾವಾಗ ಕೊಂಡಿದ್ದನೆಂದು ಯಾರೂ ಕೇಳಲಿಲ್ಲ. ಸುನಂದಾ ಅದನ್ನು ಮುಟ್ಟಿ ನೋಡಿ, ಗೋಡೆಯ ಕಡೆ ತಿರುಗಿ ನಿಂತಳು.

ನಾನು ಕತ್ತರಿಗೆ ಕುಂಕುಮ ಹಚ್ಚಿ ಕೊಟ್ಟೆ. ನೀಲಾ ಮಾವನ ಮೀಸೆ ಹಿಡಿದು ಜಗ್ಗುತ್ತಿತ್ತು. ಮುಂದೆ ಒಂದು ಕಡೆ ಕತ್ತರಿ ಆಡಿಸಿದ. ನನ್ನ ಸೆರಗಿನಲ್ಲಿ ರೇಷ್ಮೆ ಬಿದ್ದಿತು. ನನ್ನ ಕಣ್ಣು ಸುರಿಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವನು ನಿಲ್ಲಿಸಲಿಲ್ಲ. ಬಲಕ್ಕೆ, ಎಡಕ್ಕೆ, ಹಿಂದೆ, ಮುಗಿಸಿಯೇ ಏಳುವವನಂತೆ ಕತ್ತರಿಸುತ್ತಲೇ ಇದ್ದ. ಕೂಸು ಅಲುಗಾಡಿದಂತೆಲ್ಲ ಒಂದು ಕಡೆ ಗುಂಡಿ, ಒಂದು ಕಡೆ ಗುಡ್ಡ.

ಗೋಡೆಯ ಕಡೆಯಿಂದ ತಿರುಗಿ ನೋಡಿದ ಸುನಂದಾ ಕೂಗಿಬಿಟ್ಟಳು: "ಅಣ್ಣಾ! ಸಾಕು ಬಿಡೋ! ಇಲಿ ಕಡದಂಗ ಆಗೇತಿ!"

ಕತ್ತರಿ ನಿಂತಿತು. ಅವನು ತಲೆ ಎತ್ತಿ ನೋಡಿದ. ನಾಲ್ಕು ವರ್ಷದ ಮೇಲೆ ತಂಗಿಯ ಮುಖವನ್ನು ನೆಟ್ಟಗೆ ನೋಡಿದ.

"ನಿನ್ನ ಜಾವಳದಾಗ ನಮ್ಮ ಮಾವ ಇದಕ್ಕಿಂತ ಕೆಡಿಸಿದ್ದ, ಸುನ್ನೀ," ಎಂದ.

ಆಕೆ ನಗುತ್ತಲೂ ಮೂಗು ಒರೆಸಿಕೊಳ್ಳುತ್ತಲೂ ಆ ಪುಟ್ಟ ಫ್ರಾಕನ್ನು ಕೂಸಿನ ತಲೆಗೆ ಟೊಪ್ಪಿಗೆಯಂತೆ ಕಟ್ಟಿದಳು. ತೋಳುಗಳು ಎರಡೂ ಕಡೆ ಕಿವಿಯಂತೆ ಜೋತುಬಿದ್ದವು. ಲೋಕದಲ್ಲಿ ಅಷ್ಟು ಚಂದದ ಕೂಸು ಇರಲಾರದು. ಇದ್ದರೆ ತಂದು ತೋರಿಸಲಿ.

ಎಂಟು ದಾಟಿತ್ತು. ಕಾರು ಹೊರಟ ಮೇಲೆ ನಾನು ಹಿಂದಿನ ಗಾಜಿನಿಂದ ತಿರುಗಿ ನೋಡಿದೆ. ಮಹಾಂತೇಶ ಮೋಟೆಲಿನ ಅಂಗಳದಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ಕೆಲಸದ ಅಂಗಿಯ ಎದೆಯ ತುಂಬ ನೀಲಾಳ ಕೂದಲು ಹತ್ತಿಕೊಂಡಿತ್ತು. ಒಂದು ಸಲ ಕೈ ಎತ್ತಿದ. ಒದರಿಕೊಳ್ಳುತ್ತಾನೆ ಅಂದುಕೊಂಡೆ. ಕೈ ಬೀಸಿದ, ಅಷ್ಟೇ. ಹಾಗೆಯೇ, ಕೂದಲು ಹೊತ್ತುಕೊಂಡೇ, ಬಡಾವಣೆಯ ಆ ಗೇಟಿನ ದಾರಿ ಹಿಡಿದ.