ಮೆಣಸು ಹಾಗೂ ಕುದುರೆ ಎಂಬ ಪದಗಳ ಕುರಿತು

ಆಂಟಿಯ ಬಲಗೈ ತೋರುಬೆರಳಿನ ತುದಿ ಸದಾ ಹಳದಿಯಾಗಿರುತ್ತಿತ್ತು. ಅರಿಶಿನವಲ್ಲ, ಧರ್ಮಗ್ರಂಥದ ಸಾಲುಗಳಿಗೆ ಎಳೆಯುವ ಹೈಲೈಟರ್ ಪೆನ್ನಿನ ಶಾಯಿ. ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ ನಾನು ವಿದ್ಯಾರ್ಥಿಯಾಗಿ ಬಾಡಿಗೆಗಿದ್ದ ಮನೆಯ ಒಡತಿಯಾದ ಸದರಿ ಆಂಟಿಯವರು ಮೈಸೂರಿನವರು, ನಿವೃತ್ತ ನರ್ಸ್, ಅಮೆರಿಕ ಮೂಲದ ಮಾರ್ಮನ್ ಎಂಬ ಕ್ರೈಸ್ತ ಮತವನ್ನು ನಡುವಯಸ್ಸಿನಲ್ಲಿ ಸ್ವೀಕರಿಸಿದವರು.

ಅವರು ಕುಳಿತು ಮಾತನಾಡಿದ್ದನ್ನು ನಾನು ಕಂಡಿಲ್ಲ. ಕಷಾಯಕ್ಕೆ ನೀರು ಕಾಯಿಸುವರು, ಮರೆಯುವರು, ಮತ್ತೆ ಕಾಯಿಸುವರು. ಈ ತಳಮಳಕ್ಕೆ ಕಾರಣ ಒಂದೇ ಪದ: ಕುದುರೆ. ಪ್ರಾಚೀನ ಅಮೆರಿಕದ ಜನರಲ್ಲಿ ಕುದುರೆಗಳಿದ್ದವೆಂದು ಅವರ ಗ್ರಂಥ ಹೇಳುತ್ತದೆ. ಆ ಕಾಲದಲ್ಲಿ ಅಲ್ಲಿ ಕುದುರೆಯೇ ಇರಲಿಲ್ಲ, ಅವು ಬಹುಕಾಲದ ನಂತರ ಯುರೋಪಿನ ಹಡಗುಗಳಲ್ಲಿ ಬಂದವು ಎಂಬುದು ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿದ್ದ ಅವರ ಒಬ್ಬನೇ ಮಗನ ವಾದ. ಒಂದು ಪದ ಸುಳ್ಳಾದರೆ ಪುಸ್ತಕವೇ ಸುಳ್ಳೆಂದು ಆತ ಮತವನ್ನೂ, ಕ್ರಮೇಣ ಮನೆಗೆ ಬರುವುದನ್ನೂ ಬಿಟ್ಟಿದ್ದ. ಈ ಬಗ್ಗೆ ತೀರ್ಪು ನೀಡಲು ನಾನು ಅರ್ಹನಲ್ಲ.

"ಅಲ್ಲಿದ್ದ ಬೇರೆ ಯಾವ್ದೋ ಪ್ರಾಣಿಗೆ ತಮಗೆ ಗೊತ್ತಿರೋ ಕುದುರೆ ಹೆಸರಿಟ್ಟಿರ್ಬೋದಲ್ವೇನೋ?" ಎಂದು ಆಂಟಿ ಫೋನಿನಲ್ಲಿ ಕೇಳಿದರೆ, "ನೋ ಒನ್ ಡಸ್ ದಟ್, ಮಮ್," ಎಂದು ಆತ ಫೋನ್ ಇಡುತ್ತಿದ್ದ.

ಹೀಗಿರಲಾಗಿ, ಒಂದು ಶನಿವಾರ ಸಾರಿಗೆ ಮೆಣಸು ತರಲು ಆಂಟಿ ನನ್ನನ್ನು ಅಂಗಡಿಗೆ ಕಳುಹಿಸಿದರು. ಕುಂದಾಪುರದವನಾದ ನಾನು ಒಣಮೆಣಸಿನಕಾಯಿ ತಂದುಕೊಟ್ಟೆ.

"ಇದೇನೋ ತಂದಿದ್ಯಾ? ಮೆಣಸು ಅಂದೆ ಕಣೋ, ಕರೀದು!"

"ನಮ್ಮ ಕಡೆ ಇದೇ ಮೆಣಸು ಆಂಟಿ. ನೀವು ಹೇಳೋದು ಒಳ್ಳೆಮೆಣಸು."

"ಓಹೋ, ಹಾಗಾದ್ರೆ ಇದು ಕೆಟ್ಟಮೆಣಸಾ?"

ಮೆಣಸಿನಕಾಯಿ ಅಮೆರಿಕದ ಕಡೆಯಿಂದ ಹಡಗಿನಲ್ಲಿ ಬಂದಾಗ ನಮ್ಮವರು ಅದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರೆಂದೂ, ನಮ್ಮೂರಲ್ಲಂತೂ ಹೊಸತೇ ಆ ಹೆಸರನ್ನು ಕಿತ್ತುಕೊಂಡಿತೆಂದೂ ನಿವೇದಿಸಿಕೊಂಡೆ. ಆಂಟಿ ಓಡಾಟ ನಿಲ್ಲಿಸಿದರು. ತಕ್ಷಣ ಮಗನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು.

ಆತ ಪೂರ್ತಿ ಕೇಳಿಸಿಕೊಂಡ. ಬಳಿಕ, "ಚಿಲ್ಲಿ ಈಸ್ ಇನ್ ಯುವರ್ ಹ್ಯಾಂಡ್, ಮಮ್. ವೇರ್ ಈಸ್ ಯುವರ್ ಅನಿಮಲ್?"

ಆಂಟಿ ಕೈಯಲ್ಲಿದ್ದ ಪೊಟ್ಟಣ ನೋಡಿದರು. ಆತ ಮತ್ತೆ ಫೋನ್ ಇಟ್ಟುಬಿಡುತ್ತಾನೆಂದೇ ನಾನು ಎಣಿಸಿದ್ದೆ.

"ಗೊತ್ತಿಲ್ಲ ಕಣೋ," ಎಂದರು. "ಜಗಳ ಆಡೋಕಾದ್ರೂ ಮನೆಗೆ ಬಾ."

ಮುಂದಿನ ವಾರವೇ ಆತ ಬಂದ. ಮೂರು ದಿನ ಇಬ್ಬರೂ ವಾದಿಸಿದರು, ಯಾರೂ ಸೋಲಲಿಲ್ಲ. ಆಮೇಲೆ ಪ್ರತಿ ರಜೆಗೂ ಬರತೊಡಗಿದ. "ಬಂದ್ಯಾ, ಕುದುರೆ ಕಳ್ಳ?" ಎಂದೇ ಆಂಟಿ ಬಾಗಿಲು ತೆರೆಯುತ್ತಿದ್ದರು.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು, ನಾನು ಈಗ ಉದ್ಯೋಗದಲ್ಲಿರುವ ಪರ್ತ್‌ನಿಂದ ಬ್ರಿಸ್ಬೇನ್‌ಗೆ ಹೋದೆ. ಅಡುಗೆಮನೆ ಖಾಲಿ ಮಾಡುತ್ತಿದ್ದ ಮಗ ಎರಡು ಡಬ್ಬಿಗಳನ್ನು ನನ್ನ ಮುಂದಿಟ್ಟ. ಆತನಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಕರಿಯ ಕಾಳಿನ ಡಬ್ಬಿಯ ಮೇಲಿನ ಚೀಟಿ ಓದಿದೆ: "ಮೆಣಸು." ಕೆಂಪು ಕಾಯಿಯದನ್ನೂ ಓದಿದೆ: "ಮಗನ ಮೆಣಸು."

"ಐ ಡೋಂಟ್ ಈವನ್ ಈಟ್ ಚಿಲ್ಲಿ, ಮೇಟ್," ಎಂದು ಆತ ಆ ಡಬ್ಬಿಯನ್ನು ನನ್ನ ಕೈಗಿತ್ತ.

ಮೇಲ್ಕಂಡ ಡಬ್ಬಿಯನ್ನು, ಅದರ ಮೇಲಿನ 'ಮಗ' ಎಂಬ ಪದದ ಸಮೇತ, ಸ್ವೀಕರಿಸಿದ್ದೇನೆಂದು ಈ ಮೂಲಕ ದೃಢೀಕರಿಸುತ್ತೇನೆ.